ಮದ್ಯಮುಕ್ತ ವಲಯದ ನಕ್ಷೆಯಲ್ಲಿ ನಮ್ಮ ಕೇರಿ ಯಾಕಿಲ್ಲ?



ಸ್ವಲ್ಪ ಉದ್ದದ ಪೋಸ್ಟ್ ಇದು. ಬಿಡುವು ಮಾಡಿಕೊಂಡು ಪೂರ್ತಿ ಓದಿ. ಅರ್ಧ ಓದಿ "ಕುಡುಕರ ಪರ ಮಾತಾಡ್ತಿದ್ದಾನೆ" ಅಂತ ಒಬ್ಬರು, "ನಮ್ಮ ಜನದ ಮಾನ ಕಳೀತಿದ್ದಾನೆ" ಅಂತ ಇನ್ನೊಬ್ಬರು ಕಾಮೆಂಟಲ್ಲಿ ಶುರು ಮಾಡಬೇಡಿ. ಇಬ್ಬರಿಗೂ ಉತ್ತರ ಕೆಳಗೆ ಇದೆ.

ನಮ್ಮೂರ ಪುರಸಭೆಯವರು ಹೋದ ತಿಂಗಳು ಒಂದು ನಿರ್ಣಯ ಮಾಡಿದರು. ಊರಿನ ಸಾರ್ವಜನಿಕ ಜಾಗಗಳನ್ನ 'ಮದ್ಯಮುಕ್ತ ವಲಯ' ಮಾಡ್ತೀವಿ ಅಂತ. ಬಸ್ ಸ್ಟ್ಯಾಂಡು, ಪಾರ್ಕು, ತಾಲೂಕು ಕ್ರೀಡಾಂಗಣ, ದೇವಸ್ಥಾನದ ಬೀದಿ, ಕೆರೆ ಏರಿ, ಸಂತೆ ಮೈದಾನ. ಆರು ಜಾಗ, ಆರು ಫ್ಲೆಕ್ಸು. ಫ್ಲೆಕ್ಸಲ್ಲಿ ಬಾಟಲಿ ಮೇಲೆ ಕೆಂಪು ಗೆರೆ, ಕೆಳಗೆ ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರ ಫೋಟೊ. ನಾನೂ ಖುಷಿಪಟ್ಟೆ. ಸುಳ್ಳು ಹೇಳಲ್ಲ. ಸಾಯಂಕಾಲ ಏಳರ ಮೇಲೆ ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡಲ್ಲಿ ನಿಲ್ಲೋಕೆ ಆಗ್ತಿರಲಿಲ್ಲ. ಕ್ರೀಡಾಂಗಣದಲ್ಲಿ ಬೆಳಿಗ್ಗೆ ಓಡೋ ಹುಡುಗರ ಕಾಲಿಗೆ ಬಾಟಲಿ ಚೂರು ಚುಚ್ಚುತ್ತಿತ್ತು. ಪೊಲೀಸ್ ಭರ್ತಿಗೆ ತಯಾರಿ ಮಾಡ್ತಿದ್ದ ನಮ್ಮ ಕೇರಿಯ ಒಬ್ಬ ಹುಡುಗನಿಗೆ ಗಾಜು ಚುಚ್ಚಿ ಆರು ಹೊಲಿಗೆ ಬಿದ್ದು, ಆ ಸಲದ ದೈಹಿಕ ಪರೀಕ್ಷೆಗೇ ಹೋಗೋಕೆ ಆಗಲಿಲ್ಲ. ಹಾಗಾಗಿ ಈ ನಿರ್ಣಯ ಬೇಕಿತ್ತು. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಶುರುವಾಗಿದ್ದು ಆಮೇಲೆ.

ಫ್ಲೆಕ್ಸ್ ಕಟ್ಟಿದ ಮೂರನೇ ದಿನ ರಾತ್ರಿ ಜೀಪ್ ಬಂತು. ಸಂತೆ ಮೈದಾನದಲ್ಲಿ ಒಂಬತ್ತು ಜನರನ್ನ ಹಿಡಿದರು. ಅದರಲ್ಲಿ ಏಳು ಜನ ನಮ್ಮ ಕೇರಿಯವರು. ಒಬ್ಬ ಹಮಾಲಿ, ಇಬ್ಬರು ಗಾರೆ ಕೆಲಸದವರು, ಮೂವರು ಪೌರಕಾರ್ಮಿಕರು, ಒಬ್ಬ ಡಿಗ್ರಿ ಮುಗಿಸಿ ಕೆಲಸ ಇಲ್ಲದೆ ಕೂತಿರೋ ಹುಡುಗ. ರಾತ್ರಿ ಹನ್ನೊಂದಕ್ಕೆ ಅವರ ಹೆಂಡತಿ, ತಾಯಂದಿರು ನಮ್ಮನೆ ಬಾಗಿಲು ಬಡಿದರು. "ಅಣ್ಣ, ಕುಡಿದಿದ್ದು ತಪ್ಪೇ. ಆದ್ರೆ ಮಾರಿದೋನು ಮನೇಲಿ ನಿದ್ದೆ ಮಾಡ್ತಾವ್ನಲ್ಲ?" ಅಂತ ಒಬ್ಬ ಅಕ್ಕ ಕೇಳಿದಳು. ಈ ಪೋಸ್ಟ್ ಬರೀತಿರೋದು ಆ ಒಂದು ಪ್ರಶ್ನೆಗೆ.

ಮಾರಿದ ಅಂಗಡಿ ಎಲ್ಲಿದೆ? ಸಂತೆ ಮೈದಾನದಲ್ಲಿ ಅಲ್ಲ. ನಮ್ಮ ಕೇರಿಯ ಬಾಯಲ್ಲಿ. ಕೇರಿಗೆ ತಿರುಗೋ ಮೂಲೆಯಲ್ಲೇ ವೈನ್ ಸ್ಟೋರು, ಅದರ ಆಚೆಗೆ ಅಂಗನವಾಡಿ. ಮಗು ಬೆಳಿಗ್ಗೆ ಮೊಟ್ಟೆ ತಿನ್ನೋಕೆ ಹೋಗುವಾಗ ರಾತ್ರಿ ಬಿದ್ದವರನ್ನ ದಾಟಿ ಹೋಗಬೇಕು. ನಾನು ಮತ್ತೆ ಇಬ್ಬರು ಹುಡುಗರು ಗಾರೆ ಮೇಸ್ತ್ರಿ ಹತ್ತಿರ ಟೇಪು ಇಸ್ಕೊಂಡು ಅಳೆದೆವು. ಅಂಗಡಿ ಬಾಗಿಲಿನ ಮಧ್ಯದಿಂದ ಕೇರಿಯ ಮೊದಲನೇ ಮನೆ ಹೊಸಿಲಿಗೆ 38 ಮೀಟರ್. ಅಂಗನವಾಡಿ ಗೇಟಿಗೆ 62 ಮೀಟರ್.

ಈಗ ಕಾನೂನು ಕೇಳಿ. ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳು, 1967. ಅದರ 5ನೇ ನಿಯಮ. ಶಾಲೆ, ದೇವಸ್ಥಾನ-ಮಸೀದಿ-ಚರ್ಚು, ಆಸ್ಪತ್ರೆ, ಸರ್ಕಾರಿ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡೋ ಹಾಗಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿ ವಾಸ ಮಾಡೋ ಜಾಗದಲ್ಲೂ ಸನ್ನದು ಕೊಡೋ ಹಾಗಿಲ್ಲ. ಹೌದು, ನಮ್ಮ ಕೇರಿಗಳ ಹೆಸರೂ ಆ ಸಾಲಿನಲ್ಲೇ ಇದೆ. ನಡೆದು ಹೋಗುವ ಹತ್ತಿರದ ಹಾದಿ ಹಿಡಿದು, ಅಂಗಡಿ ಬಾಗಿಲಿನ ಮಧ್ಯದಿಂದ ಅಳೀಬೇಕು ಅಂತಲೂ ಇದೆ. ಅಂದ್ರೆ ಪುರಸಭೆ ಹೊಸದಾಗಿ ಏನೂ ಕಂಡುಹಿಡೀಬೇಕಿರಲಿಲ್ಲ. ನಮ್ಮ ಕೇರಿ ಕಾನೂನಿನ ಪ್ರಕಾರ ಯಾವತ್ತೋ ಮದ್ಯದಂಗಡಿ ಇರಬಾರದ ಜಾಗ. ಫ್ಲೆಕ್ಸ್ ಕಟ್ಟೋಕೆ ಮುಂಚೆ ಆ ಪುಸ್ತಕ ತೆಗೆದು ಒಂದು ಪುಟ ಓದಿದ್ದರೆ ಸಾಕಿತ್ತು.

ಇದನ್ನ ಅಬಕಾರಿ ಕಚೇರಿಯಲ್ಲಿ ಕೇಳಿದಾಗ ಸಿಕ್ಕ ಉತ್ತರ: "ಅದು ಮುಖ್ಯರಸ್ತೆ ಕಮರ್ಷಿಯಲ್ ಏರಿಯಾ ರೀ, ಕೇರಿ ಅಲ್ಲ." ಕೇರಿಯ ಜನ ಮನೆ ಕಟ್ಟಿಕೊಳ್ಳೋಕೆ ಸಾಲ ಕೇಳಿದರೆ ಅದು ಕೇರಿ. ನೀರು ಕೇಳಿದರೆ ಕೇರಿ. ವೈನ್ ಸ್ಟೋರ್ ವಿಷಯ ಬಂದಾಗ ಮಾತ್ರ ನಾವು ಕಮರ್ಷಿಯಲ್ ಏರಿಯಾ!

ಕುಡಿದವರು ಮೈದಾನಕ್ಕೆ ಯಾಕೆ ಬಂದರು?

ಇದನ್ನ ಯಾರೂ ಕೇಳಲ್ಲ. ನಮ್ಮ ರಾಜ್ಯದಲ್ಲಿ ಸನ್ನದುಗಳಲ್ಲಿ ತರಾವರಿ ಇದೆ. ಸಿಎಲ್-2 ಅಂದ್ರೆ ವೈನ್ ಸ್ಟೋರು. ಅಲ್ಲಿ ಕೊಂಡುಕೊಂಡು ಹೋಗಬೇಕು, ಕೂತು ಕುಡಿಯೋ ಹಾಗಿಲ್ಲ. ಸಿಎಲ್-9 ಅಂದ್ರೆ ಬಾರು. ಅಲ್ಲಿ ಟೇಬಲ್ಲು, ಫ್ಯಾನು, ಸೈಡ್ಸು, ಸಪ್ಲೈಯರ್ರು. ಸಿಎಲ್-4 ಕ್ಲಬ್ಬು. ಸಿಎಲ್-7 ಲಾಡ್ಜಿರೋ ಹೋಟೆಲು. ಬಾರಲ್ಲಿ ಅದೇ ಎಣ್ಣೆಗೆ ರೇಟು ಜಾಸ್ತಿ, ಮೇಲೆ ತಿಂಡಿ ತಗೋಬೇಕು. ಕೂಲಿಯವನ ಜೇಬಿಗೆ ಅದು ಆಗಲ್ಲ. ಅವನು ವೈನ್ ಸ್ಟೋರಲ್ಲಿ ಒಂದು ಟೆಟ್ರಾ ಪ್ಯಾಕು, ಪಕ್ಕದ ಪೆಟ್ಟಿಗೆ ಅಂಗಡೀಲಿ ಒಂದು ನೀರಿನ ಪ್ಯಾಕೆಟ್ಟು, ಒಂದು ಪ್ಲಾಸ್ಟಿಕ್ ಲೋಟ, ಎರಡು ರೂಪಾಯಿ ಉಪ್ಪಿನಕಾಯಿ ತಗೊಂಡು ಎಲ್ಲಿಗೆ ಹೋಗಬೇಕು? ಮನೆ ಅಂದ್ರೆ ಹತ್ತು ಬೈ ಹನ್ನೆರಡರ ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಓದೋ ಮಕ್ಕಳು. ಮನೇಲಿ ಕುಡಿದರೆ ಹೆಂಡತಿ ಮಕ್ಕಳಿಗೆ ನರಕ. ಆಚೆ ಕುಡಿದರೆ ಅಪರಾಧ.

ಸಾರ್ವಜನಿಕ ಸ್ಥಳದಲ್ಲಿ ಕುಡಿಯೋದು ಕರ್ನಾಟಕ ಅಬಕಾರಿ ಕಾಯ್ದೆ 1965ರಲ್ಲಿ ಈಗಾಗಲೇ ಅಪರಾಧ. ಕುಡಿದು ಸಾರ್ವಜನಿಕವಾಗಿ ರಂಪ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಇದೆ: 24 ಗಂಟೆವರೆಗೆ ಸಾದಾ ಸಜೆ, ಇಲ್ಲಾ 1,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ, ಇಲ್ಲಾ ಸಮುದಾಯ ಸೇವೆ. ಕಾನೂನಿಗೆ ಬರಗಾಲ ಇಲ್ಲ. ಆದರೆ ಸರ್ಕಾರವೇ ಸನ್ನದು ಕೊಟ್ಟು, 'ಇಲ್ಲಿ ಕೊಂಡುಕೋ, ಇಲ್ಲಿ ಕುಡೀಬೇಡ' ಅಂತ ಹೇಳಿ, ಐವತ್ತು ಹೆಜ್ಜೆ ಆಚೆ ಜೀಪ್ ನಿಲ್ಲಿಸಿಕೊಂಡು ಕಾಯೋದಿದೆಯಲ್ಲ, ಇದು ಬೋನು ಇಟ್ಟು ಇಲಿ ಹಿಡಿಯೋ ಕೆಲಸ. ನಮ್ಮೂರ ಕ್ಲಬ್ಬಿನ ಕಾಂಪೌಂಡು ಕ್ರೀಡಾಂಗಣದ ಗೋಡೆಗೆ ಅಂಟಿಕೊಂಡಿದೆ. ಗೋಡೆಯ ಈಚೆ ಕುಡಿದರೆ ಕೇಸು. ಆಚೆ ಕುಡಿದರೆ ಮೆಂಬರ್ರು. ಇಬ್ಬರೂ ಕುಡಿಯೋದು ಒಂದೇ. ವ್ಯತ್ಯಾಸ ಕುರ್ಚಿಯದು, ಕುರ್ಚಿ ಹಿಂದಿನ ಜಾತಿಯದು.

ದೇವರಿಗೆ ಸಿಕ್ಕಿದ್ದು, ಕಾರಿಗೆ ಸಿಕ್ಕಿದ್ದು

ಮದ್ಯಮುಕ್ತ ವಲಯ ಅನ್ನೋದು ಹೊಸದಲ್ಲ. ತಿರುಮಲ ಬೆಟ್ಟದ ಮೇಲೆ ಮದ್ಯ ಇಲ್ಲ. ಮಧ್ಯಪ್ರದೇಶದಲ್ಲಿ 2025ರ ಏಪ್ರಿಲ್ 1ರಿಂದ ಉಜ್ಜಯಿನಿ, ಓಂಕಾರೇಶ್ವರ, ಮಹೇಶ್ವರ ಸೇರಿ ಧಾರ್ಮಿಕ ಊರುಗಳಲ್ಲಿ ಮದ್ಯ ಮಾರಾಟ ನಿಲ್ಲಿಸಿದರು. ನಿಲ್ಲಿಸಲಿ. ದೇವರ ಹೆಸರಲ್ಲಿ ಊರಿಗೆ ಊರೇ ಬಂದ್ ಮಾಡೋಕೆ ಆಗುತ್ತೆ ಅಂದಮೇಲೆ, 38 ಮೀಟರಲ್ಲಿ ಕಣ್ಣುಬಿಡೋ ಮಕ್ಕಳ ಹೆಸರಲ್ಲಿ ಒಂದು ಅಂಗಡಿ ಜರುಗಿಸೋಕೆ ಯಾಕೆ ಆಗಲ್ಲ?

ಹೆದ್ದಾರಿ ಕಥೆ ನೆನಪಿದೆಯಾ? 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಆದೇಶ ಮಾಡಿತು. ಕುಡಿದು ಗಾಡಿ ಓಡಿಸಿ ಸಾಯೋರು ಸಾಯಿಸೋರು ಜಾಸ್ತಿ ಆಗಿದ್ದಾರೆ ಅಂತ. ಒಳ್ಳೇದೇ. 2017ರ ಮಾರ್ಚ್ ಕೊನೇಲಿ, 20,000 ಅಥವಾ ಅದಕ್ಕಿಂತ ಕಮ್ಮಿ ಜನಸಂಖ್ಯೆ ಇರೋ ಕಡೆ 220 ಮೀಟರ್ ಸಾಕು ಅಂದರು. ಜುಲೈಯಲ್ಲಿ, ನಗರ-ಪಟ್ಟಣ ವ್ಯಾಪ್ತಿಯೊಳಗಿನ ಸನ್ನದಿನ ಅಂಗಡಿಗಳಿಗೆ ಈ ಆದೇಶ ಅಡ್ಡಿ ಇಲ್ಲ ಅಂತಾಯಿತು. ಈ ನಡುವೆ ಎಷ್ಟೋ ರಾಜ್ಯಗಳು ಹೆದ್ದಾರಿಗಳ ಹೆಸರನ್ನೇ ತೆಗೆದು ಬರೀ ರಸ್ತೆ ಮಾಡಿದವು. ಅಂಗಡಿ ಜರುಗಿಸೋ ಬದಲು ಹೆದ್ದಾರೀನೇ ಜರುಗಿಸಿದರು! ದುಡ್ಡಿದ್ದವನ ಕೈಲಿ ಮೀಟರು ರಬ್ಬರಿನ ಥರ ಎಳೆದ ಹಾಗೆ ಬರುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆದರೂ ಕಾರಿನವರ ಪ್ರಾಣಕ್ಕಾಗಿ ಕೋರ್ಟು, ಸರ್ಕಾರ ಎಲ್ಲ ಕೂತು ಮೀಟರ್ ಲೆಕ್ಕವಾದರೂ ಹಾಕಿದರು. ಕೇರಿಗಾಗಿ ನಿಯಮದಲ್ಲೇ ಬರೆದಿಟ್ಟ ಮಾತನ್ನ ಜಾರಿ ಮಾಡಿ ಅಂತ ಯಾವ ಅಧಿಕಾರಿ ಟೇಪ್ ಹಿಡಿದು ಬಂದಿದ್ದಾನೆ?

ನಮ್ಮಪ್ಪನ ವಿಷಯ

ಇದನ್ನ ಇಲ್ಲಿವರೆಗೂ ಎಲ್ಲೂ ಬರೆದಿಲ್ಲ. ಬರೀಬೇಕು ಅನ್ನಿಸ್ತಿದೆ.

ನಮ್ಮಪ್ಪ ಪೌರಕಾರ್ಮಿಕ. ಗುತ್ತಿಗೆ. ಕಕ್ಕಸು ಗುಂಡಿ ಕಟ್ಟಿಕೊಂಡರೆ, ಚರಂಡಿ ಕಟ್ಟಿಕೊಂಡರೆ ಊರು ಅಪ್ಪನನ್ನ ಕರೀತಿತ್ತು. ಮೇಸ್ತ್ರಿ ಮೊದಲು ಎರಡು ಪ್ಯಾಕೆಟ್ ಸಾರಾಯಿ ಕೈಗೆ ಕೊಡ್ತಿದ್ದ. "ಹಾಕ್ಕೊಂಡು ಇಳಿ" ಅಂತಿದ್ದ. ಕುಡೀದೆ ಇಳಿಯೋಕೆ ಆಗಲ್ಲ ಮಾರಾಯ್ರೆ. ಆ ವಾಸನೆ, ಆ ಹೊಲಸು, ಅದರೊಳಗೆ ಕೈ ಹಾಕೋದು, ಬುದ್ಧಿ ಸರಿ ಇರೋ ಮನುಷ್ಯನಿಗೆ ಆಗದ ಕೆಲಸ. ಆ ಕೆಲಸ ಮಾಡಿಸೋಕೆ ಮೊದಲು ಬುದ್ಧಿ ಕೆಡಿಸಬೇಕು. ಅದಕ್ಕೇ ಸಾರಾಯಿ. ಕೂಲಿಯ ಜೊತೆಗಲ್ಲ, ಕೂಲಿಗೆ ಮುಂಚೆ. ಹೊಲಕ್ಕೆ ಹೋದವರಿಗೂ ಹಾಗೇ, ಹೆಣ ಹೊರೋಕೆ ಹೋದವರಿಗೂ ಹಾಗೇ, ಸಾವಿನ ಮುಂದೆ ತಮಟೆ ಬಡಿಯೋಕೆ ಹೋದವರಿಗೂ ಹಾಗೇ. ನಮ್ಮ ಕೈಗೆ ಮೊದಲು ಪ್ಯಾಕೆಟ್ ಇಟ್ಟವನು ನಮ್ಮವನಲ್ಲ.

ಅಪ್ಪ ಸತ್ತಾಗ ಅವನಿಗೆ 46. ಹೊಟ್ಟೆ ನೀರು ತುಂಬಿಕೊಂಡು ಮಡಕೆ ಥರ ಆಗಿತ್ತು. ಸತ್ತ ದಿನ ಮೇಸ್ತ್ರಿ ಬಂದು 500 ರೂಪಾಯಿ ಕೊಟ್ಟು, "ಒಳ್ಳೆ ಕೆಲಸಗಾರ, ಕುಡಿತ ಒಂದು ಬಿಟ್ಟಿದ್ದರೆ" ಅಂದ. ನಮ್ಮಮ್ಮ ಆ ದುಡ್ಡು ಅವನ ಕಾಲ ಹತ್ತಿರವೇ ಬಿಟ್ಟಳು. ನಾನು ಆಗ ಪಿಯುಸಿ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯಿತು. ಅಮ್ಮ ಅವತ್ತು ಅಕ್ಕಪಕ್ಕದವರಿಗೆ ಸಕ್ಕರೆ ಹಂಚಿದ್ದಳು. ಒಂದು ವರ್ಷ ಕಳೆಯೋದರಲ್ಲಿ ಪ್ಯಾಕೆಟ್ ಸಾರಾಯಿ ಹೋಗಿ ಅಗ್ಗದ ವಿಸ್ಕಿ, ರಮ್ಮು ಅದೇ ಕೈಗೆ ಬಂತು. ಈಗ ಟೆಟ್ರಾ ಪ್ಯಾಕು. ಮಕ್ಕಳ ಜ್ಯೂಸ್ ಡಬ್ಬಿ ಥರಾನೇ ಇರುತ್ತೆ. ಸಾರಾಯಿ ಅಂಗಡಿ ಬೋರ್ಡು ಬದಲಾಯಿತು, ಅಂಗಡಿ ಇದ್ದ ಜಾಗ ಬದಲಾಗಲಿಲ್ಲ.

"ಹಾಗಾದ್ರೆ ಪೂರ್ತಿ ಬಂದ್ ಮಾಡಿ ಅನ್ನು"

ಅನ್ನಲ್ಲ. ಯಾಕೆ ಅಂತ ಹೇಳ್ತೀನಿ.

ಸಂವಿಧಾನದ 47ನೇ ವಿಧಿ, ಮದ್ಯಪಾನ ನಿಷೇಧಕ್ಕೆ ಸರ್ಕಾರ ಪ್ರಯತ್ನ ಮಾಡಬೇಕು ಅನ್ನುತ್ತೆ. ಆ ಚರ್ಚೆ ಸಂವಿಧಾನ ಸಭೆಯಲ್ಲಿ ನಡೆದಾಗ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ಅವರು ವಿರೋಧ ಮಾಡಿದರು. ಅಕ್ಕಿಯಿಂದ ಮಾಡೋ ಪಾನೀಯ ತಮ್ಮ ಜನರ ಧಾರ್ಮಿಕ ಆಚರಣೆಯ ಭಾಗ ಅನ್ನೋದು ಅವರ ವಾದ. ಆ ಮಾತಿಗೆ ನಾನು ತಲೆ ಬಾಗ್ತೀನಿ. ಯಾರೋ ಮೇಲೆ ಕೂತು ಕೆಳಗಿನವರಿಗೆ ನೀತಿ ಪಾಠ ಹೇಳೋದು ನನಗೂ ಆಗಲ್ಲ.

ಬಿಹಾರ ನೋಡಿ. 2016ರಲ್ಲಿ ಪೂರ್ತಿ ನಿಷೇಧ ಬಂತು. ಜೈಲು ತುಂಬಿದ್ದು ಯಾರಿಂದ? ದಲಿತರು, ಹಿಂದುಳಿದವರು, ಕೂಲಿಯವರು. 2024ರಲ್ಲಿ ಪಟ್ನಾ ಹೈಕೋರ್ಟೇ ಹೇಳಿತು, ಈ ಕಾನೂನು ಪೊಲೀಸರ ಕೈಯಲ್ಲಿ ಆಯುಧ ಆಗಿದೆ, ದೊಡ್ಡ ಕುಳಗಳ ಮೇಲೆ ಕೇಸು ಕಮ್ಮಿ, ಬಡವರ ಮೇಲೆ ಜಾಸ್ತಿ ಅಂತ. ಕಳ್ಳಬಟ್ಟಿಯ ಕಥೆ ನಮಗೇ ಗೊತ್ತು. 1981ರಲ್ಲಿ ಬೆಂಗಳೂರಲ್ಲಿ ವಿಷದ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧ ಆದ ಮಾರನೇ ವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಆಚೆ ತಮಿಳುನಾಡಿನ ಕೃಷ್ಣಗಿರಿ ಕಡೆ ಮತ್ತೆ ನೂರಕ್ಕೂ ಹೆಚ್ಚು ಹೆಣ ಬಿದ್ದವು. ಕ್ಲಬ್ಬಿನ ಮೆಂಬರ್ ಯಾರೂ ಕಳ್ಳಬಟ್ಟಿ ಕುಡಿದು ಸಾಯಲ್ಲ.

ಹಾಗಾಗಿ ನಾನು ಕೇಳ್ತಿರೋದು ನಿಷೇಧ ಅಲ್ಲ. ದೂರ. ಅಂಗಡಿಗೂ ಕೇರಿಗೂ ನಡುವೆ ದೂರ. ಸಾವಿರಾರು ವರ್ಷ ನಮ್ಮನ್ನ ಬಾವಿಯಿಂದ, ಗುಡಿಯಿಂದ, ಊರಿಂದ ದೂರ ಇಟ್ಟವರಿಗೆ ದೂರ ಇಡೋದು ಹೇಗೆ ಅಂತ ನಾವು ಕಲಿಸಬೇಕಾ?

"ಹೆಂಡ ನಿಮ್ಮ ಸಂಸ್ಕೃತಿ ಅಲ್ವಾ?"

ಇದನ್ನ ಓದಿಕೊಂಡಿರೋ ಸ್ನೇಹಿತರೂ ಕೇಳ್ತಾರೆ. ಹೌದು, ಮಾರಮ್ಮನ ಜಾತ್ರೇಲಿ ಹೆಂಡ ಇಡ್ತಾರೆ. ಹಿರೀಕರಿಗೆ ಎಡೆ ಇಡುವಾಗಲೂ ಇಡ್ತಾರೆ. ಅದು ಈಚಲು ಮರದ್ದು. ಟೆಟ್ರಾ ಪ್ಯಾಕನ್ನ ಯಾವ ಮಾರಮ್ಮ ಕೇಳಿದ್ದಾಳೆ? ಡಿಸ್ಟಿಲರಿ ನಮ್ಮದಲ್ಲ, ಸನ್ನದು ನಮ್ಮದಲ್ಲ, ಲಾಭ ನಮ್ಮದಲ್ಲ. ಲಿವರ್ರು ಮಾತ್ರ ನಮ್ಮದು. ಅದನ್ನ ಸಂಸ್ಕೃತಿ ಅಂತ ಕರೆದು ನಮ್ಮ ತಲೆಗೆ ಕಟ್ಟಬೇಡಿ.

"ಕುಡಿಯೋದು ನಿಮ್ಮವರೇ ತಾನೆ, ಬಿಡಲಿ" ಅನ್ನೋರಿಗೂ ಒಂದು ಮಾತು. ಬಿಡಿಸೋಕೆ ನಾವು ಇವತ್ತು ಶುರು ಮಾಡಿದ್ದಲ್ಲ. 80ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಅಣ್ಣಂದಿರು ಹಟ್ಟಿ ಹಟ್ಟಿಗೆ ಹೋಗಿ ಕೂಗಿದ್ದು ಏನು? "ಹೆಂಡ ಬೇಡ, ವಸತಿ ಶಾಲೆ ಬೇಕು." ಆ ಘೋಷಣೆಯಲ್ಲಿ ಎರಡು ಭಾಗ ಇದೆ. ಬೇಡ ಅನ್ನೋದು ಒಂದು, ಬೇಕು ಅನ್ನೋದು ಇನ್ನೊಂದು. ಪುರಸಭೆಯವರು ಮೊದಲನೇದನ್ನ ಫ್ಲೆಕ್ಸ್ ಮಾಡಿದ್ದಾರೆ. ಎರಡನೇದು ಎಲ್ಲಿ?

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ನಡೆದು ಬಂದರು. ಸುಮಾರು 200 ಕಿಲೋಮೀಟರ್. ಹೆಚ್ಚಿನವರು ರಾಯಚೂರು ಕಡೆಯ, ಉತ್ತರ ಕರ್ನಾಟಕದ ಕೂಲಿ ಹೆಣ್ಣುಮಕ್ಕಳು. ಹಾದಿಯಲ್ಲೇ ಒಬ್ಬ ತಾಯಿ ಅಪಘಾತದಲ್ಲಿ ಜೀವ ಬಿಟ್ಟಳು. ಅವರು ಕೇಳಿದ್ದು ಮದ್ಯ ನಿಷೇಧ. ಸರ್ಕಾರದ ಬಾಯಲ್ಲಿ ಬಂದಿದ್ದು ಆದಾಯದ ಲೆಕ್ಕ. ಪಕ್ಷ ಬದಲಾದರೂ ಲೆಕ್ಕ ಬದಲಾಗಿಲ್ಲ. 2025-26ರ ಬಜೆಟ್ಟಲ್ಲಿ ಅಬಕಾರಿ ಗುರಿ 40,000 ಕೋಟಿ. ಅದರ ಹಿಂದಿನ ವರ್ಷ 38,525 ಕೋಟಿ. ಗುರಿ ಅಂತ ಇಟ್ಟಮೇಲೆ ಅಧಿಕಾರಿ ಅಂಗಡಿ ಮುಚ್ಚಿಸ್ತಾನಾ, ತೆಗೆಸ್ತಾನಾ? ಗೃಹಲಕ್ಷ್ಮಿಯ 2,000 ಹೆಂಡತಿ ಖಾತೆಗೆ ಬರುತ್ತೆ. ಒಳ್ಳೆ ಯೋಜನೆ, ನಮ್ಮಮ್ಮನಿಗೂ ಬರುತ್ತೆ, ಅದನ್ನ ನಾನು ಹೀಯಾಳಿಸಲ್ಲ. ಆದರೆ ಅದೇ ಮನೆಯ ಗಂಡ ತಿಂಗಳಿಗೆ ಎಷ್ಟು ವೈನ್ ಸ್ಟೋರಿಗೆ ಕೊಟ್ಟು ಬರ್ತಾನೆ ಅಂತ ಯಾವ ಅಕ್ಕನನ್ನಾದರೂ ಕೇಳಿ ನೋಡಿ. ಬೆರಳು ಮಡಿಚಿ ಲೆಕ್ಕ ಹೇಳ್ತಾಳೆ.

ಈಗ ನಮ್ಮ ಕಡೆಯ ತಪ್ಪು

ಬೇರೆಯವರನ್ನ ಇಷ್ಟು ಬೈದಮೇಲೆ ನಮ್ಮದೂ ಹೇಳಬೇಕು. ನನ್ನದೇ ಹೇಳ್ತೀನಿ.

ನಮ್ಮ ಕೇರಿಯ ಅಂಬೇಡ್ಕರ್ ಜಯಂತಿ ಸಮಿತಿಗೆ ನಾನು ಮೂರು ವರ್ಷ ಕಾರ್ಯದರ್ಶಿ. ಮೂರೂ ವರ್ಷ ಆ ವೈನ್ ಸ್ಟೋರ್ ಮಾಲೀಕನ ಹತ್ತಿರ ಚಂದಾ ತಗೊಂಡಿದ್ದೀನಿ. ಪೆಂಡಾಲಿಗೆ, ಡಿಜೆಗೆ. ರಸೀದಿ ನನ್ನ ಕೈಬರಹದಲ್ಲೇ ಇದೆ. ಏಪ್ರಿಲ್ 14ರ ಮೆರವಣಿಗೇಲಿ ಬಾಬಾಸಾಹೇಬರ ಫೋಟೊ ಇರೋ ಟ್ರ್ಯಾಕ್ಟರ್ ಹಿಂದೆ ನಮ್ಮ ಹುಡುಗರು ಎಣ್ಣೆ ಹಾಕಿಕೊಂಡು ಕುಣಿಯೋದನ್ನ ನೋಡಿಯೂ ಸುಮ್ಮನಿದ್ದೆ. "ವರ್ಷಕ್ಕೊಂದಿನ, ಬಿಡು" ಅಂದುಕೊಂಡೆ. ಅವನ ದುಡ್ಡು ತಗೊಂಡ ಬಾಯಲ್ಲಿ ಅವನ ಅಂಗಡಿ ತೆಗಿ ಅನ್ನೋಕೆ ಹೇಗಾಗುತ್ತೆ? ಅದಕ್ಕೇ ಮೂರು ವರ್ಷ ಅನ್ನಲಿಲ್ಲ. ಅವನು ಚಂದಾ ಕೊಟ್ಟಿದ್ದೂ ಅದಕ್ಕೇ.

ಬಾಬಾಸಾಹೇಬರು ಯಾವತ್ತೂ ಕುಡಿದವರಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಅನ್ನೋದೂ ಒಂದು. ಪಂಚಶೀಲದ ಐದನೇ ಶೀಲವೂ ಅದೇ. ಅವರ ಹೆಸರಲ್ಲಿ ವೈನ್ ಸ್ಟೋರಿನ ರಸೀದಿ ಹರಿದವನು ನಾನು. ಹೋದ ಭಾನುವಾರ ಸಮಿತಿ ಸಭೇಲಿ ಇದನ್ನ ಎದ್ದು ನಿಂತು ಹೇಳಿದೆ. ಇನ್ನು ಮುಂದೆ ಅವನ ಚಂದಾ ಬೇಡ ಅಂದೆ. ಇಬ್ಬರು ಎದ್ದು ಹೋದರು. "ದೊಡ್ಡ ಬುದ್ಧ ಬಂದುಬಿಟ್ಟ" ಅಂದರು. ಜಯಂತಿ ಸಣ್ಣದಾಗುತ್ತೆ, ಡಿಜೆ ಇರಲ್ಲ. ಇರದೆ ಹೋಗಲಿ. ತಮಟೆ ನಮ್ಮದೇ ಇದೆ.

ಇನ್ನೊಂದು. ಚುನಾವಣೆ ಬಂದಾಗ ಮತದಾನ ಮುಗಿಯೋ ಮುಂಚಿನ 48 ಗಂಟೆ ಮದ್ಯ ಮಾರಾಟ ಬಂದ್. ಆದರೆ ಆ 48 ಗಂಟೇಲೇ ಕೇರಿಗೆ ಕೇಸುಗಟ್ಟಲೆ ಬಂದು ಬೀಳುತ್ತೆ. ತಂದು ಇಳಿಸೋರು ಯಾರು? ಫ್ಲೆಕ್ಸಲ್ಲಿ ಕೈಮುಗಿದು ನಿಂತಿರೋ ಫೋಟೊಗಳನ್ನ ಸರಿಯಾಗಿ ನೋಡಿ. ಕೆಲವರ ಗುರುತು ಸಿಗುತ್ತೆ. ಇಸ್ಕೊಂಡವರು ಯಾರು? ನಾವೇ. ಎರಡೂ ನಿಲ್ಲಬೇಕು.

ನಾವು ಕೇಳ್ತಿರೋದು ಇಷ್ಟು:

1. ಮದ್ಯಮುಕ್ತ ವಲಯದ ಪಟ್ಟಿಗೆ ನಮ್ಮ ಕೇರಿ, ಪೌರಕಾರ್ಮಿಕರ ಕ್ವಾರ್ಟರ್ಸು, ಕೊಳೆಗೇರಿ, ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ಲುಗಳ ಸುತ್ತ ಸೇರಿಸಿ. ಆರು ಜಾಗ ಹನ್ನೆರಡಾಗಲಿ.

2. 1967ರ ನಿಯಮ 5ರ ಪ್ರಕಾರ ಊರಿನ ಎಲ್ಲ ಮದ್ಯದಂಗಡಿಗಳ ದೂರ ಅಳೆಯಿರಿ. ತಹಶೀಲ್ದಾರ್, ಅಬಕಾರಿ ನಿರೀಕ್ಷಕರು, ಜೊತೆಗೆ ಕೇರಿಯ ಹೆಣ್ಣುಮಕ್ಕಳು ನಿಂತು ಅಳೀಬೇಕು. ಅಳತೆಯನ್ನ ಪುರಸಭೆ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಒಳಗೆ ಬಂದ ಅಂಗಡಿ ಜರುಗಲಿ.

3. ಮೊದಲು ಕುಡಿದವನ ಮೇಲೆ ಕೇಸು ಅಲ್ಲ. ಅಂಗಡಿ ಮುಂದೆ ಕುಡಿಯೋಕೆ ಬಿಟ್ಟ ಮಾಲೀಕನ ಮೇಲೆ, ಲೋಟ ನೀರು ಕೊಟ್ಟು ಜಾಗ ಮಾಡಿಕೊಟ್ಟವನ ಮೇಲೆ. ರಂಪ ಮಾಡಿದವನಿಗೆ ಸಮುದಾಯ ಸೇವೆ ಕೊಡ್ತೀರಾ, ಕೊಡಿ. ಆದರೆ ನಮ್ಮ ಹುಡುಗನ ಕೈಗೆ ಪೊರಕೆ ಕೊಟ್ಟು ಅದನ್ನ ಶಿಕ್ಷೆ ಅನ್ನಬೇಡಿ. ಅದು ನಮಗೆ ಹುಟ್ಟಿನಿಂದಲೇ ಕೊಟ್ಟಿದ್ದೀರಿ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸೋಕೆ ಹಾಕಿ.

4. ತಾಲೂಕು ಆಸ್ಪತ್ರೇಲಿ ಕುಡಿತ ಬಿಡಿಸೋಕೆ ಹಾಸಿಗೆ, ಔಷಧಿ, ವಾರಕ್ಕೊಮ್ಮೆಯಾದರೂ ಮನೋವೈದ್ಯರು ಬೇಕು. ಇಪ್ಪತ್ತು ವರ್ಷ ಕುಡಿದವನು ಒಂದೇ ಸಲ ನಿಲ್ಲಿಸಿದರೆ ಕೈ ನಡುಗುತ್ತೆ, ಫಿಟ್ಸ್ ಬರುತ್ತೆ, ಜೀವಕ್ಕೂ ಅಪಾಯ. ಲಾಕಪ್ಪಲ್ಲಿ ಕೂಡಿಹಾಕಿ ಬಿಡಿಸೋ ಕಾಯಿಲೆ ಅಲ್ಲ ಅದು.

5. ಗುಂಡಿಗೆ ಮನುಷ್ಯನನ್ನ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಯಂತ್ರ ತನ್ನಿ. ಪೌರಕಾರ್ಮಿಕರಿಗೆ ಕುಡಿಯೋಕೆ ಕೊಟ್ಟು ಕೆಲಸ ಮಾಡಿಸೋ ಮೇಸ್ತ್ರಿ, ಗುತ್ತಿಗೆದಾರರ ಮೇಲೆ ಕ್ರಮ ಆಗಲಿ. ನಮ್ಮಪ್ಪನಿಗೆ ಆದದ್ದು ಇನ್ನೊಬ್ಬನಿಗೆ ಆಗಬಾರದು.

6. ಅಂಗಡಿ ಬೇಕೋ ಬೇಡವೋ ಅನ್ನೋದನ್ನ ಆ ವಾರ್ಡಿನ ಹೆಣ್ಣುಮಕ್ಕಳು ತೀರ್ಮಾನ ಮಾಡಲಿ. ಇದು ಕನಸಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ವಾರ್ಡಿನ ನಾಲ್ಕರಲ್ಲಿ ಒಂದು ಭಾಗ ಮಹಿಳಾ ಮತದಾರರು ಸಹಿ ಹಾಕಿ ಕೊಟ್ಟರೆ ಗುಪ್ತ ಮತದಾನ ಮಾಡಿಸೋ ವ್ಯವಸ್ಥೆ ಇದೆ. ನಿಂತ ಬಾಟಲಿ, ಮಲಗಿದ ಬಾಟಲಿ ಅಂತ ಎರಡು ಗುರುತು. ಸಾಕಷ್ಟು ಹೆಂಗಸರು ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಬಂದ್. ನಮ್ಮ ರಾಜ್ಯದಲ್ಲಿ ಯಾಕಾಗಬಾರದು?

7. ಕೇರಿಯ ಅಂಬೇಡ್ಕರ್ ಭವನದ ಬೀಗ ತೆಗೀರಿ. ಎರಡು ಲೈಟು, ಹತ್ತು ಕುರ್ಚಿ, ದಿನಪತ್ರಿಕೆ, ಒಂದು ಕೇರಂ ಬೋರ್ಡು. ಸಾಯಂಕಾಲ ಕೆಲಸ ಮುಗಿಸಿ ಬಂದವನಿಗೆ ಕೂರೋಕೆ ಒಂದು ಜಾಗ ಇರಲಿ. ಈಗ ಕೇರೀಲಿ ಲೈಟ್ ಇರೋ ಜಾಗ ವೈನ್ ಸ್ಟೋರ್ ಒಂದೇ.

ಇದರಲ್ಲಿ ಯಾವುದು ಅನ್ಯಾಯ ಹೇಳಿ. ಯಾವುದಕ್ಕೆ ಕೋಟಿ ಬೇಕು ಹೇಳಿ. ಎರಡನೇದಕ್ಕಂತೂ ಒಂದು ಟೇಪು ಸಾಕು, ಅದು ನಮ್ಮ ಹತ್ತಿರವೇ ಇದೆ.

ಪುರಸಭೆಯ ಸದಸ್ಯರಿಗೆ ಒಂದು ಮಾತು. ನಿಮ್ಮ ನಿರ್ಣಯವನ್ನ ನಾವು ವಿರೋಧ ಮಾಡ್ತಿಲ್ಲ. ಪೂರ್ತಿ ಮಾಡಿ ಅಂತಿದ್ದೀವಿ. ಪಾರ್ಕಲ್ಲಿ ವಾಕಿಂಗ್ ಮಾಡೋರ ಮಕ್ಕಳಿಗೆ ಬಾಟಲಿ ಕಾಣಬಾರದು ಅನ್ನೋದು ಸರಿ. ನಮ್ಮ ಮಕ್ಕಳಿಗೂ ಕಣ್ಣಿದೆ. ಪಾರ್ಕಿಂದ ಓಡಿಸಿದ ಕುಡಿತ ಎಲ್ಲಿಗೆ ಹೋಗುತ್ತೆ? ಆಕಾಶಕ್ಕೆ ಹೋಗಲ್ಲ. ಕೇರಿಗೆ ಬರುತ್ತೆ. ಊರಿನ ಕಸವನ್ನೆಲ್ಲ ನಮ್ಮ ಪಕ್ಕದಲ್ಲಿ ತಂದು ಸುರಿದ ಹಾಗೆ ಇದನ್ನೂ ಸುರೀಬೇಡಿ.

ಕೇರಿಯ ಹುಡುಗರಿಗೆ. ಬೈತಿಲ್ಲ ತಮ್ಮಾ, ನಾನೇನು ದೊಡ್ಡ ಮನುಷ್ಯ ಅಲ್ಲ. ನೀನು ಕುಡಿದು ಮೈದಾನದಲ್ಲಿ ಬಿದ್ದಾಗ ಜೀಪಿನವನಿಗೆ ಒಂದು ಕೇಸು, ಮಾಲೀಕನಿಗೆ ಒಂದು ಗಿರಾಕಿ, ಸರ್ಕಾರಕ್ಕೆ ಒಂದಿಷ್ಟು ತೆರಿಗೆ. ಎಲ್ಲರಿಗೂ ನಿನ್ನಿಂದ ಏನೋ ಸಿಕ್ತು. ಮನೇಲಿ ಕಾಯ್ತಿರೋಳಿಗೆ ಏನು ಸಿಕ್ತು ಅಂತ ಒಂದು ಸಲ ಯೋಚನೆ ಮಾಡು.

ಅಕ್ಕಂದಿರಿಗೆ. ನಿಮಗೆ ನಾನು ಹೇಳೋದೇನೂ ಇಲ್ಲ, ನೀವು ಹೇಳಿದ್ದನ್ನೇ ಬರೆದಿದ್ದೀನಿ.

ಸೋಮವಾರ ಬೆಳಿಗ್ಗೆ 10 ಗಂಟೆಗೆ ಪುರಸಭೆ ಮುಂದೆ ಸೇರ್ತೀವಿ. ಮನವಿ ಕೊಟ್ಟು, ಅಲ್ಲಿಂದ ನಡೆದು ವೈನ್ ಸ್ಟೋರಿಗೆ ಬಂದು, ಎಲ್ಲರ ಎದುರಿಗೆ ಇನ್ನೊಂದು ಸಲ ಅಳೀತೀವಿ. ಗಲಾಟೆ ಇಲ್ಲ, ಕಲ್ಲಿಲ್ಲ, ಘೋಷಣೆ ಮಾತ್ರ. ಯಾರೂ ಕುಡಿದು ಬರಬೇಡಿ, ಕೈ ಮುಗೀತೀನಿ. ಕೂಲಿ ತಪ್ಪುತ್ತೆ ಅನ್ನೋರು ಮನವಿಗೆ ಭಾನುವಾರವೇ ಸಹಿ ಹಾಕಿ ಹೋಗಿ, ಹೆಬ್ಬೆಟ್ಟಾದರೂ ಸರಿ. ಮೊದಲನೇ ಸಹಿ ನಮ್ಮಮ್ಮ ಹಾಕಿದ್ದಾಳೆ.

ಬೇರೆ ಊರಿನ ಗೆಳೆಯರು ನಿಮ್ಮ ನಿಮ್ಮ ಕೇರಿಯಿಂದ ವೈನ್ ಸ್ಟೋರಿಗೆ ಎಷ್ಟು ಮೀಟರ್ ಅಂತ ಅಳೆದು ಕಾಮೆಂಟಲ್ಲಿ ಬರೀರಿ. ಒಂದು ಪಟ್ಟಿ ಮಾಡೋಣ.

ಜೈಭೀಮ್.